ಅಕೌಂಟ್ಸ್ ಬಾಗಿಲ ಮೇಲಿನ ‘ನಾಳೆ ಬಾ’

ಹಿಂದೆ ನಮ್ಮ ಕಡೆ ಮನೆಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನೋದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ಮಾರುಕಟ್ಟೆ ಬಿದ್ದ ವರ್ಷ ಎಷ್ಟೋ ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗ ಮಾಡುವುದೂ ಇದನ್ನೇ. ದೆವ್ವದ ಜಾಗದಲ್ಲಿ ಪೀಣ್ಯದ ಶೆಡ್ಡಿನಿಂದ ಬಿಲ್ ಹಿಡಿದು ಬಂದ ಸಪ್ಲೈಯರ್ ಇರುತ್ತಾನೆ, ಅಷ್ಟೆ ವ್ಯತ್ಯಾಸ.

ಕಂಪನಿಯ ನೀತಿ ಎಂಥದ್ದು ಎಂದು ತಿಳಿಯಲು ರಿಸೆಪ್ಷನ್ನಿನಲ್ಲಿ ಫ್ರೇಮ್ ಹಾಕಿಟ್ಟ ನೀತಿಸಂಹಿತೆ ಓದುವುದು ದಂಡ. ದುಡ್ಡು ಸಾಲದೆ ಬಂದಾಗ ಯಾರ ಪೇಮೆಂಟ್ ಮೊದಲು ನಿಲ್ಲುತ್ತದೆ, ಕೆಟ್ಟ ಅಂಕಿಯನ್ನು ಯಾವ ತಾರೀಖಿಗೆ ಹೊರಗೆ ಹೇಳುತ್ತಾರೆ, ಇವೆರಡನ್ನು ನೋಡಿದರೆ ಸಾಕು. ಎರಡೂ ತಾರೀಖಿನ ಪ್ರಶ್ನೆಗಳೇ. ಎರಡಕ್ಕೂ ಲೆಕ್ಕವಿದೆ, ಆ ಲೆಕ್ಕ ಲಾಭ-ನಷ್ಟದ ಪಟ್ಟಿಗೆ ಬಂದೇ ಬರುತ್ತದೆ.

ಮೊದಲು ಪೇಮೆಂಟಿನ ಲೆಕ್ಕ. ಕಂಪ್ಯೂಟರ್ ಹಿಡಿತದ ಮಷಿನ್ನಿನಲ್ಲಿ ಲೋಹ ಕಡೆಯುವ ಒಂದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ಎಂದುಕೊಳ್ಳಿ. ತಿಂಗಳಿಗೆ 10 ಲಕ್ಷ ರೂಪಾಯಿಯ ಶಾಫ್ಟ್‌ಗಳನ್ನು ಒಂದೇ ದೊಡ್ಡ ಕಂಪನಿಗೆ ಕೊಡುತ್ತದೆ. ಶೇ 18 ಜಿಎಸ್‌ಟಿ ಸೇರಿ ಬಿಲ್ 11.8 ಲಕ್ಷ. ಕಬ್ಬಿಣಕ್ಕೆ 5.5 ಲಕ್ಷ, ಸಂಬಳಕ್ಕೆ 2 ಲಕ್ಷ, ಕರೆಂಟಿಗೆ 60 ಸಾವಿರ, ಶೆಡ್ ಬಾಡಿಗೆ 70 ಸಾವಿರ, ಮಷಿನ್ನಿನ ಇಎಂಐ 80 ಸಾವಿರ. ಕೈಯಲ್ಲಿ ಉಳಿಯುವುದು 40 ಸಾವಿರ. ಇದು ಉದಾಹರಣೆಯ ಅಂಕಿ, ಆದರೆ ಜಾಬ್ ವರ್ಕ್ ಮಾಡುವವರಿಗೆ ಅಪರಿಚಿತವೇನಲ್ಲ.

ಈಗ ಆರ್ಡರ್ ಇಳಿಯಿತು, ಕಂಪನಿಯ ಪರ್ಚೇಸ್ ವಿಭಾಗ 45 ದಿನದ ಪೇಮೆಂಟನ್ನು 120 ದಿನಕ್ಕೆ ಎಳೆಯಿತು. ಹೆಚ್ಚುವರಿ 75 ದಿನ ಎಂದರೆ ಎರಡೂವರೆ ತಿಂಗಳ ಬಿಲ್, 29.5 ಲಕ್ಷ. ಇದರಲ್ಲಿ ಸಪ್ಲೈಯರ್‌ನ ಲಾಭ ಒಂದೇ ಲಕ್ಷ, ಉಳಿದದ್ದೆಲ್ಲ ಅವನು ಈಗಾಗಲೇ ಬೇರೆಯವರಿಗೆ ಕೊಟ್ಟುಬಿಟ್ಟ ದುಡ್ಡು. ಜಿಎಸ್‌ಟಿಯನ್ನೂ ಕೊಟ್ಟಾಗಿದೆ. ಜೂನ್ ತಿಂಗಳ ಬಿಲ್ಲಿನ ತೆರಿಗೆಯನ್ನು, ಕಬ್ಬಿಣದ ಮೇಲೆ ಕಟ್ಟಿದ್ದು ಕಳೆದು, ಜುಲೈ 20ರೊಳಗೆ ಕಟ್ಟಬೇಕು. ಗಿರಾಕಿಯಿಂದ ದುಡ್ಡು ಬಂತೋ ಇಲ್ಲವೋ ಎಂದು ಸರ್ಕಾರ ಕೇಳುವುದಿಲ್ಲ. ಬಿಲ್ಲಿನ ದುಡ್ಡು ಬರುವುದು ಅಕ್ಟೋಬರಿಗೆ. ಅತ್ತ ಕೊಂಡ ಕಂಪನಿ ಅದೇ ಬಿಲ್ಲಿನ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಆ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕನ್ನು, ಆಗಲೇ ತೆಗೆದುಕೊಂಡು ಕೂತಿರುತ್ತದೆ. ಬಿಲ್ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ಟನ್ನು ಬಡ್ಡಿಸಮೇತ ವಾಪಸ್ ಮಾಡಬೇಕು ಎಂಬ ನಿಯಮವಿದೆ. ಎಷ್ಟೋ ಕಡೆ 170ನೇ ದಿನ ಇದ್ದಕ್ಕಿದ್ದಂತೆ ಪೇಮೆಂಟ್ ಆಗುವುದರ ಗುಟ್ಟು ಇದೇ.

29.5 ಲಕ್ಷವನ್ನು ಓವರ್‌ಡ್ರಾಫ್ಟಿನಲ್ಲಿ ಶೇ 11ಕ್ಕೆ ತಂದರೆ ತಿಂಗಳಿಗೆ ಸುಮಾರು 27 ಸಾವಿರ ಬಡ್ಡಿ. 40 ಸಾವಿರದಲ್ಲಿ ಮೂರರಲ್ಲೆರಡು ಪಾಲು ಅಲ್ಲಿಗೆ ಹೋಯಿತು. ಅದೂ ಬ್ಯಾಂಕ್ ಕೊಟ್ಟರೆ. ಸಿಸಿ (ಕ್ಯಾಶ್ ಕ್ರೆಡಿಟ್) ಅಕೌಂಟಿನ ಡ್ರಾಯಿಂಗ್ ಪವರ್, ಅಂದರೆ ಎಷ್ಟು ಸಾಲ ತೆಗೆಯಬಹುದು ಎಂಬ ಮಿತಿ, ಲೆಕ್ಕ ಹಾಕುವಾಗ ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಹಿಡಿಯುವುದೇ ಇಲ್ಲ. ಅಂದರೆ ಗಿರಾಕಿ ತಡ ಮಾಡಿದಷ್ಟೂ ಸಾಲದ ಮಿತಿಯೂ ಕುಗ್ಗುತ್ತದೆ. ದುಡ್ಡು ಬೇಕಾದ ತಿಂಗಳಲ್ಲೇ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಕೈಸಾಲ. ನೂರಕ್ಕೆ ಎರಡರ ಬಡ್ಡಿ ಎಂದರೆ ತಿಂಗಳಿಗೆ 59 ಸಾವಿರ, ಲಾಭ ಹೋಗಿ 19 ಸಾವಿರ ಕೈಯಿಂದಲೇ.

ದೊಡ್ಡ ಕಂಪನಿಗೆ ಇದರಿಂದ ಏನು ಸಿಕ್ಕಿತು? ಅದು ಬ್ಯಾಂಕಿನಿಂದ ಶೇ 9ಕ್ಕೆ ಸಾಲ ತರಬಲ್ಲದು ಎಂದುಕೊಂಡರೆ ತಿಂಗಳಿಗೆ ಉಳಿದದ್ದು 22 ಸಾವಿರ. ಅಗ್ಗದಲ್ಲಿ ಸಾಲ ಸಿಗುವವನು, ದುಬಾರಿ ಬಡ್ಡಿ ಕೊಡುವವನ ತಲೆಯ ಮೇಲೆ ಸಾಲ ಹೊರಿಸಿದ್ದಾನೆ. ಈ ಹೊರೆ ಅಲ್ಲೇ ಕೂರುವುದಿಲ್ಲ. ಮುಂದಿನ ಕೊಟೇಷನ್ನಿನಲ್ಲಿ ಸಪ್ಲೈಯರ್ ಸದ್ದಿಲ್ಲದೆ ಶೇ 5 ಸೇರಿಸುತ್ತಾನೆ. 10 ಲಕ್ಷಕ್ಕೆ 50 ಸಾವಿರ. 22 ಸಾವಿರ ಉಳಿಸಲು ಹೋಗಿ 50 ಸಾವಿರ ಕೊಟ್ಟ ಹಾಗಾಯಿತು. ಪರ್ಚೇಸ್ ಮ್ಯಾನೇಜರ್ ‘ರೇಟ್ ಜಾಸ್ತಿ ಆಯ್ತಲ್ಲಪ್ಪ’ ಎಂದರೆ ‘ಸ್ಟೀಲ್ ರೇಟ್ ಏರಿದೆ ಸಾರ್’ ಎಂಬ ಉತ್ತರ ಬರುತ್ತದೆ. ಪೇಮೆಂಟಿನ ಮಾತನ್ನು ಯಾರೂ ಎತ್ತುವುದಿಲ್ಲ.

ಬೆಲೆ ಏರಿಸಲು ಆಗದವನು ಮಾಡುವುದು ಇನ್ನೂ ಅಪಾಯ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಇರುವ ಇಎನ್8 ದರ್ಜೆಯ ಉಕ್ಕಿನ ಬಾರ್ ಬಿಟ್ಟು, ಕಾಗದವಿಲ್ಲದ ಬಾರ್ ತರುತ್ತಾನೆ. ಲೋಹ ಕಡೆಯುವ ಕಾರ್ಬೈಡ್ ಇನ್ಸರ್ಟಿನ ಅಂಚು ಸವೆದರೂ ಇನ್ನೊಂದು ಶಿಫ್ಟ್ ಓಡಿಸುತ್ತಾನೆ. ಸೈಜ್ ಮಿತಿಯೊಳಗೇ ಇರುತ್ತದೆ, ಮೇಲ್ಮೈ ಒರಟಾಗುತ್ತದೆ, ಆಯಿಲ್ ಸೀಲ್ ಕೂರುವ ಜಾಗದಲ್ಲಿ ಆರು ತಿಂಗಳಿಗೆ ಸೋರಿಕೆ ಶುರು. ಪ್ಲೇಟಿಂಗ್‌ನವನಿಗೂ ಇವನಿಂದ ದುಡ್ಡು ಬಂದಿಲ್ಲವಾದ್ದರಿಂದ 8 ಮೈಕ್ರಾನ್ ಝಿಂಕ್ ಬೇಕಾದಲ್ಲಿ 5 ಮೈಕ್ರಾನಿಗೇ ಭಾಗಗಳನ್ನು ತೊಟ್ಟಿಯಿಂದ ಎತ್ತುತ್ತಾನೆ. ಕಣ್ಣಿಗೆ ಎರಡೂ ಒಂದೇ ಹೊಳಪು. ಕೋಸ್ಟಿಂಗ್ ಶೀಟಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಮುಂದಿನ ವರ್ಷದ ವಾರಂಟಿ ಖರ್ಚಿನಲ್ಲಿ ಕಾಣುತ್ತದೆ, ಅಷ್ಟರಲ್ಲಿ 120 ದಿನದ ನಿರ್ಧಾರ ಮಾಡಿದ ಮ್ಯಾನೇಜರ್ ‘ವರ್ಕಿಂಗ್ ಕ್ಯಾಪಿಟಲ್ ಸುಧಾರಣೆ’ಗೆ ಬೋನಸ್ ತೆಗೆದುಕೊಂಡಿರುತ್ತಾನೆ.

ತಡ ಮಾಡುವ ಕಲೆಯಲ್ಲೂ ಒಂದು ಹಂತ ಮುಂದೆ ಹೋದವರಿದ್ದಾರೆ. ಮಾಲು ಗೇಟಿಗೆ ಬಂದ ದಿನ ಸೆಕ್ಯುರಿಟಿಯವರು ಚಲನ್ನಿಗೆ ಸೀಲ್ ಹಾಕುತ್ತಾರೆ. ಆದರೆ ಸ್ಟೋರ್ಸ್‌ನ ಜಿಆರ್‌ಎನ್ (ಮಾಲು ಬಂದಿದೆ ಎಂದು ದಾಖಲಿಸುವ ಚೀಟಿ) ಹತ್ತು-ಹನ್ನೆರಡು ದಿನ ಬಿಟ್ಟು ಏಳುತ್ತದೆ, ಕಂಪ್ಯೂಟರಿನಲ್ಲಿ 45 ದಿನದ ಎಣಿಕೆ ಆ ತಾರೀಖಿನಿಂದ. ಕಾನೂನಿನ ಕಣ್ಣಿಗೆ ಈ ಆಟ ನಡೆಯುವುದಿಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಒಪ್ಪಿದ ದಿನ. ಆದ್ದರಿಂದ ಸಪ್ಲೈಯರ್ ಕಾಪಾಡಿಕೊಳ್ಳಬೇಕಾದ ಕಾಗದ ಆ ಗೇಟ್ ಸೀಲಿರುವ ಚಲನ್ ಪ್ರತಿ. ಬಿಲ್ಲಿಗಿಂತ ಅದಕ್ಕೇ ಬೆಲೆ ಹೆಚ್ಚು.

ಅದೇ ಕಾಯ್ದೆಯ ಉಳಿದ ಹಲ್ಲುಗಳನ್ನೂ ನೋಡಿ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಒಪ್ಪಂದವಿಲ್ಲದಿದ್ದರೆ 15 ದಿನ. ‘90 ದಿನ’ ಎಂದು ಪರ್ಚೇಸ್ ಆರ್ಡರಿನಲ್ಲಿ ಸಹಿ ಹಾಕಿಸಿಕೊಂಡರೂ ಅದು 45ಕ್ಕೇ ನಿಲ್ಲುತ್ತದೆ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಬ್ಯಾಂಕ್ ರೇಟ್ ಶೇ 6 ಇದ್ದರೆ ಶೇ 18. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಸಪ್ಲೈಯರ್ ಪರವಾಗಿ ತೀರ್ಪು ಬಂದು, ಕಂಪನಿ ಅದನ್ನು ಪ್ರಶ್ನಿಸಬೇಕೆಂದರೆ ಮೊತ್ತದ ಶೇ 75 ಮೊದಲು ಠೇವಣಿ ಇಡಬೇಕು.

ಇಷ್ಟೆಲ್ಲ ಇದ್ದೂ ದೂರು ಕೊಡುವವರು ಕಡಿಮೆ. ದೂರು ಕೊಟ್ಟ ಮರುದಿನ ಆರ್ಡರ್ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ 2023ರ ಹಣಕಾಸು ಕಾಯ್ದೆ ಬೇರೆ ದಾರಿ ಹಿಡಿಯಿತು. 1961ರ ಆದಾಯ ತೆರಿಗೆ ಕಾಯ್ದೆಗೆ ಅದು ಸೇರಿಸಿದ 43ಬಿ(ಎಚ್) ಎಂಬ ನಿಯಮದಲ್ಲಿ, ಕಿರು-ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಕೊಟ್ಟ ದುಡ್ಡನ್ನು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚೆಂದು ಒಪ್ಪಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 31ಕ್ಕೆ ಜಿಎಸ್‌ಟಿ ಬಿಟ್ಟು ನಾಲ್ಕು ತಿಂಗಳ 40 ಲಕ್ಷ ಬಾಕಿ. ಅಷ್ಟೂ ಆ ವರ್ಷದ ಖರ್ಚಿನಿಂದ ಹೊರಗೆ, ಶೇ 25.17ರ ದರದಲ್ಲಿ 10 ಲಕ್ಷಕ್ಕೂ ಮಿಕ್ಕಿದ ತೆರಿಗೆ ಮುಂಚೆಯೇ ಕಟ್ಟಬೇಕು. ಮುಂದಿನ ವರ್ಷ ಅದು ವಾಪಸ್ ಸಿಗುತ್ತದೆ ನಿಜ, ಆದರೆ ನಗದು ಒಣಗಿದ ವರ್ಷದಲ್ಲಿ ಆ 10 ಲಕ್ಷ ಕೈಬಿಟ್ಟು ಹೋಗುತ್ತದೆ. ದುಡ್ಡು ಉಳಿಸಲೆಂದೇ ತಾನೆ ಪೇಮೆಂಟ್ ಎಳೆದದ್ದು?

ಈ ನಿಯಮಕ್ಕೂ ಬಳಸುದಾರಿ ಹುಡುಕಿದರು. ಇದು ಮಧ್ಯಮ ಉದ್ಯಮಗಳಿಗೆ ಅನ್ವಯಿಸುವುದಿಲ್ಲ, ಬರಿಯ ವ್ಯಾಪಾರಿಗಳಿಗೂ ಇಲ್ಲ. ಹಾಗಾಗಿ ಆರ್ಡರನ್ನು ಅತ್ತ ತಿರುಗಿಸುವುದು, ಸಣ್ಣ ಉದ್ಯಮ ಎಂದು ಗುರುತಿಸುವ ಸರ್ಕಾರದ ‘ಉದ್ಯಮ್’ ನೋಂದಣಿ ರದ್ದು ಮಾಡಿಸಿಕೋ ಎಂದು ಸಣ್ಣವರ ಕಿವಿಯಲ್ಲಿ ಹೇಳುವುದು ನಡೆಯಿತು. ಆ ಮಾತು ಕೇಳಿ ರದ್ದು ಮಾಡಿಸಿಕೊಂಡವನ ಕೈಯಲ್ಲಿ ಮುಂದೆ ಯಾವ ಅಸ್ತ್ರವೂ ಇಲ್ಲ. ನೋಂದಣಿ ಮಾಲು ಕೊಡುವ ಮೊದಲೇ ಇದ್ದರೆ ಕ್ಷೇಮ. ಜಗಳ ಹುಟ್ಟಿದ ಮೇಲೆ ಮಾಡಿಸಿಕೊಂಡ ನಂಬರ್ ಹಿಡಿದು ಹಳೆಯ ಬಿಲ್ಲಿಗೆ ಬಡ್ಡಿ ಕೇಳಲು ಹೋದರೆ ನ್ಯಾಯಾಲಯದಲ್ಲಿ ಕಷ್ಟ.

ಹಾಗಾದರೆ ದುಡ್ಡೇ ಇಲ್ಲದ ಕಂಪನಿ ಏನು ಮಾಡಬೇಕು? ನೀತಿ ಇದ್ದರೆ ಆರ್ಡರ್ ತಾನಾಗಿ ಬರುತ್ತದೆ ಎಂದೇನೂ ಇಲ್ಲ. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನಂತೆ ಶೇ 23.9ರಷ್ಟು ಕುಸಿದಾಗ, ಎಲ್ಲರಿಗೂ ಸರಿಯಾಗಿ ದುಡ್ಡು ಕೊಟ್ಟೇ ಮುಳುಗುವ ಸ್ಥಿತಿಯಲ್ಲಿದ್ದವರು ಎಷ್ಟೋ ಮಂದಿ. ಅಂಥ ಹೊತ್ತಿನಲ್ಲಿ ಬೇಕಾದದ್ದು 13 ವಾರದ ನಗದು ಪಟ್ಟಿ. ಎಕ್ಸೆಲ್‌ನಲ್ಲಿ ವಾರಕ್ಕೊಂದು ಕಾಲಂ. ಮೇಲೆ ಬರುವ ದುಡ್ಡು: ಗಿರಾಕಿ ಕೊಡುತ್ತೇನೆ ಎಂದ ತಾರೀಖು ಬೇಡ, ಕಳೆದ ಆರು ಬಿಲ್ಲುಗಳಲ್ಲಿ ನಿಜವಾಗಿ ಕೊಟ್ಟ ಸರಾಸರಿ ದಿನ ಹಾಕಿ. ಕೆಳಗೆ ಹೋಗುವ ದುಡ್ಡು, ಆದ್ಯತೆಯ ಸಾಲಿನಲ್ಲಿ.

ಮೊದಲ ಸಾಲು ಸಂಬಳ ಮತ್ತು ಪಿಎಫ್. ಪಿಎಫ್ ವಿಷಯದಲ್ಲಿ ಹಲವರು ಕಾಲು ಜಾರುತ್ತಾರೆ. ನೌಕರನ ಸಂಬಳದಿಂದ ಹಿಡಿದ ಶೇ 12 ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ‘ಈ ತಿಂಗಳು ಕಬ್ಬಿಣಕ್ಕೆ ಕೊಟ್ಟು ಆಮೇಲೆ ಕಟ್ಟೋಣ’ ಎಂದರೆ ಅದು ಬೇರೆಯವರ ದುಡ್ಡಿನಲ್ಲಿ ವ್ಯಾಪಾರ. ಹಿಡಿದು ಕಟ್ಟದಿರುವುದು ಕ್ರಿಮಿನಲ್ ನಂಬಿಕೆದ್ರೋಹವಾಗಬಹುದು, ಜತೆಗೆ ಗಡುವು ದಾಟಿ ಕಟ್ಟಿದ ನೌಕರರ ಪಾಲು ತೆರಿಗೆ ಲೆಕ್ಕದಲ್ಲಿ ಖರ್ಚಾಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನಂತೆ ಒಂದು ದಿನ ತಡವಾದರೂ ಅಷ್ಟೇ.

ಎರಡನೆಯ ಸಾಲಿನಲ್ಲಿ ಅತಿ ಸಣ್ಣ ಸಪ್ಲೈಯರ್‌ಗಳು. ಬಾಕಿ ಪಟ್ಟಿಯನ್ನು ಮೊತ್ತದ ಪ್ರಕಾರ ಜೋಡಿಸಿದರೆ ಸಾಮಾನ್ಯವಾಗಿ ಕಾಣುವುದು ಇದು: ಹೆಸರುಗಳ ಸಂಖ್ಯೆಯಲ್ಲಿ ಅರ್ಧಕ್ಕೂ ಹೆಚ್ಚು ಸಣ್ಣವರು, ಮೊತ್ತದಲ್ಲಿ ಅವರ ಪಾಲು ತೀರ ಕಡಿಮೆ. ಅವರನ್ನು ಪೂರ್ತಿ ತೀರಿಸಿದರೂ ಕಂಪನಿಯ ನಗದಿಗೆ ದೊಡ್ಡ ಪೆಟ್ಟಿಲ್ಲ, ತೀರಿಸದಿದ್ದರೆ ಅವರ ಶೆಡ್ಡಿಗೆ ಬೀಗ. ಮುಂದೂಡುವ ಮಾತನ್ನು ಆಡಬೇಕಾದದ್ದು ಪಟ್ಟಿಯ ತಲೆಯಲ್ಲಿರುವ ಹತ್ತು ದೊಡ್ಡವರ ಹತ್ತಿರ, ಅವರಿಗೆ ಸಾಲ ತಡೆದುಕೊಳ್ಳುವ ಶಕ್ತಿ ಇದೆ. ವಾಸ್ತವದಲ್ಲಿ ನಡೆಯುವುದು ತಿರುವುಮುರುವು: ಫೋನ್ ಮಾಡಿ ಜೋರು ಮಾಡುವ ದೊಡ್ಡವನಿಗೆ ಮೊದಲು, ಬಾಗಿಲಲ್ಲಿ ನಿಂತವನಿಗೆ ‘ನಾಳೆ ಬಾ’.

ಕೊಡಲಾಗದಿದ್ದರೆ ತಾರೀಖು ಹೇಳಿ. ಗಡುವಿಗೆ ಹತ್ತು ದಿನ ಮುಂಚೆ, ‘ಅರ್ಧ 28ಕ್ಕೆ, ಉಳಿದದ್ದು ಮುಂದಿನ 14ಕ್ಕೆ’ ಎಂದು ಬರಹದಲ್ಲಿ. ಆ ಕಾಗದ ಹಿಡಿದು ಅವನು ತನ್ನ ಬ್ಯಾಂಕಿನ ಹತ್ತಿರ ಮಾತಾಡಬಲ್ಲ, ಕೂಲಿಯವರಿಗೆ ಉತ್ತರ ಕೊಡಬಲ್ಲ. ಕಾನೂನಿನ ಬಡ್ಡಿ ಇದರಿಂದ ತಪ್ಪುವುದಿಲ್ಲ, ಅದೂ ಲೆಕ್ಕದಲ್ಲಿರಲಿ. ಆದರೆ ಹೇಳಿದ 28 ತಪ್ಪಿದರೆ, ಹೇಳದೆ ಇದ್ದುದಕ್ಕಿಂತ ಕೆಟ್ಟದ್ದು. ಎರಡನೆಯ ಸಲ ನಿಮ್ಮ ತಾರೀಖನ್ನು ಯಾರೂ ನಂಬುವುದಿಲ್ಲ, ಮಾಲು ‘ಅಡ್ವಾನ್ಸ್ ಕೊಟ್ಟರೆ ಮಾತ್ರ’ ಆಗುತ್ತದೆ.

ಟ್ರೆಡ್ಸ್ ಎಂಬ ವೇದಿಕೆ ಇರುವುದು ಈ ಬಿಕ್ಕಟ್ಟಿಗೆಂದೇ. ಸಪ್ಲೈಯರ್‌ನ ಬಿಲ್ಲನ್ನು ಕಂಪನಿ ಆನ್‌ಲೈನಿನಲ್ಲಿ ಒಪ್ಪಿದರೆ ಬ್ಯಾಂಕುಗಳು ಅದಕ್ಕೆ ಹರಾಜು ಕೂಗುತ್ತವೆ, ಬಡ್ಡಿ ನಿಲ್ಲುವುದು ದೊಡ್ಡ ಕಂಪನಿಯ ರೇಟಿಂಗ್ ಮೇಲೆ. ಸಪ್ಲೈಯರ್‌ಗೆ ಒಂದೆರಡು ದಿನದಲ್ಲಿ ದುಡ್ಡು, ಕಂಪನಿ ಕೈಕೊಟ್ಟರೂ ಬ್ಯಾಂಕ್ ಇವನ ಬೆನ್ನು ಹತ್ತುವಂತಿಲ್ಲ. ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಲೇಬೇಕು ಎಂದು 2024ರ ನವೆಂಬರಿನಲ್ಲಿ ಆದೇಶವಾಯಿತು, ಮೊದಲು ಈ ಮಿತಿ 500 ಕೋಟಿ ಇತ್ತು. ಕೊರತೆ ಇರುವುದು ಒಂದೇ ಕಡೆ: ನೋಂದಾಯಿಸಿಕೊಂಡರೂ ಬಿಲ್ ಮೇಲೆ ‘ಒಪ್ಪಿದೆ’ ಗುಂಡಿ ಒತ್ತದೆ ಕೂತರೆ ವೇದಿಕೆ ಖಾಲಿ.

ಬ್ಯಾಂಕಿಗೆ ಹೇಳುವುದೂ ಹೀಗೆಯೇ, ಮುಂಚೆ. ಕಂತು ತಪ್ಪಿದ ಸಾಲವನ್ನು ಬ್ಯಾಂಕ್ ನಿಗಾದ ಹಂತಗಳಲ್ಲಿ ಇಡುತ್ತದೆ: 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2, ಆಮೇಲೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮೊದಲ ಹಂತದಲ್ಲಿ ನೀವೇ ನಗದು ಪಟ್ಟಿ ಹಿಡಿದು ಹೋದರೆ ಸಾಲ ಮರುಹೊಂದಿಸುವ ಮಾತಿಗೆ ಜಾಗವಿದೆ. 85ನೇ ದಿನ ಹೋದರೆ ಮ್ಯಾನೇಜರ್‌ಗೇ ಏನೂ ಮಾಡಲಾಗುವುದಿಲ್ಲ.

ಇನ್ನು ಎರಡನೆಯ ತಾರೀಖು, ಕೆಟ್ಟ ಅಂಕಿ ಹೇಳುವುದು. ಇದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗಿಂತ ದೊಡ್ಡ ಪಾಠ ನಮ್ಮ ದೇಶದಲ್ಲಿಲ್ಲ. ವಂಚನೆ ಬೆಳೆದದ್ದು ಒಳ್ಳೆಯ ಕಾಲದಲ್ಲಿ, ಬಯಲಾದದ್ದು ಜಾಗತಿಕ ಕುಸಿತದ ನಡುವೆ. ಅದು ಕಾಕತಾಳೀಯವೇನಲ್ಲ. ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ಮಂಡಳಿಗೆ ಬರೆದ ಪತ್ರದಲ್ಲೇ ಅಂಕಿಗಳಿವೆ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಶೇ 24ರ ಜಾಗದಲ್ಲಿ ಶೇ 3. ಇಲ್ಲದ ನಗದು ಮತ್ತು ಬ್ಯಾಂಕ್ ಠೇವಣಿ 5,040 ಕೋಟಿ.

ಸಣ್ಣ ಅಂತರವೊಂದನ್ನು ಮುಚ್ಚಲು ಹೋದದ್ದು ವರ್ಷ ವರ್ಷ ಬೆಳೆಯಿತು ಎಂಬುದು ಪತ್ರದ ವಿವರಣೆ. ಬೆಳೆಯಲೇಬೇಕು. ಸುಳ್ಳು ಲಾಭ ತೋರಿಸಿದರೆ ಅದಕ್ಕೆ ಜೋಡಿಯಾಗಿ ಆಸ್ತಿಯ ಕಡೆ ಸುಳ್ಳು ನಗದು ಬೇಕು, ಮುಂದಿನ ವರ್ಷ ಆ ನಗದಿಗೆ ಸುಳ್ಳು ಬಡ್ಡಿ ಬೇಕು. ಪೇಟೆ ಏರುತ್ತಿದ್ದಷ್ಟು ಕಾಲ ಷೇರು ಅಡವಿಟ್ಟು ನಡೆಸಬಹುದು. ಪೇಟೆ ಬಿದ್ದಾಗ ಅಡವಿಟ್ಟ ಷೇರನ್ನು ಸಾಲ ಕೊಟ್ಟವರು ಮಾರುತ್ತಾರೆ. 2008ರ ಡಿಸೆಂಬರ್ 16ರಂದು ರಾಜು ಕುಟುಂಬದ ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಿನಲ್ಲಿ ಕೊಳ್ಳುವ ಪ್ರಯತ್ನ, ಇಲ್ಲದ ನಗದಿನ ಜಾಗದಲ್ಲಿ ನಿಜವಾದ ಜಮೀನು ಕೂರಿಸುವ ಕೊನೆಯ ದಾಳವಾಗಿತ್ತು. ಹೂಡಿಕೆದಾರರು ತಿರುಗಿಬಿದ್ದರು, ಕೆಲವೇ ಗಂಟೆಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಪತ್ರ ಹೊರಬಿದ್ದ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು 40ರ ಹತ್ತಿರಕ್ಕೆ ಬಂತು. ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಷೇರಿಗೆ 58 ರೂಪಾಯಿಯಂತೆ ಕೊಂಡಿತು. ಶೇ 3 ಲಾಭ ಎಂದು ಮೊದಲೇ ಹೇಳಿದ್ದರೆ ಷೇರು ಬೀಳುತ್ತಿತ್ತು, ಆದರೆ ಸಾವಿರಾರು ಎಂಜಿನಿಯರ್‌ಗಳು ನಿಜವಾಗಿಯೇ ಕೆಲಸ ಮಾಡುತ್ತಿದ್ದ, 2,112 ಕೋಟಿಯ ನಿಜವಾದ ವ್ಯಾಪಾರವಿದ್ದ ಕಂಪನಿ ಹರಾಜಿಗೆ ಬರಬೇಕಿರಲಿಲ್ಲ.

ನೀತಿವಂತ ಕಂಪನಿಗಳ ಷೇರು ಕುಸಿತದಲ್ಲಿ ಕಡಿಮೆ ಬೀಳುತ್ತದೆಯೇ ಎಂದು ಸಂಶೋಧಕರೂ ಅಳೆದಿದ್ದಾರೆ. ಲಿನ್ಸ್, ಸರ್ವೇಸ್, ತಮಾಯೊ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾಜಿಕ ಹೊಣೆಯ ಅಂಕ ಹೆಚ್ಚಿದ್ದ ಅಮೆರಿಕದ ಕಂಪನಿಗಳು 2008-09ರ ಬಿಕ್ಕಟ್ಟಿನಲ್ಲಿ ಉಳಿದವಕ್ಕಿಂತ 4ರಿಂದ 7 ಶೇಕಡಾ ಅಂಶ ಹೆಚ್ಚು ಪ್ರತಿಫಲ ಕೊಟ್ಟವು. ಆದರೆ ಕೋವಿಡ್ ಕುಸಿತದ ಮೇಲೆ 2021ರಲ್ಲಿ ಡೆಮರ್ಸ್ ಮತ್ತು ಸಂಗಡಿಗರು ನೋಡಿದಾಗ, ಉದ್ಯಮದ ಬಗೆ ಮುಂತಾದವನ್ನು ಲೆಕ್ಕಕ್ಕೆ ತಂದ ಮೇಲೆ ಇಎಸ್‌ಜಿ ಅಂಕ (ಪರಿಸರ, ಸಮಾಜ, ಆಡಳಿತದ ನಡತೆಗೆ ಕೊಡುವ ಅಂಕ) ರಕ್ಷಣೆ ಕೊಟ್ಟಂತೆ ಕಾಣಲಿಲ್ಲ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಅಂಕ ಕೊಡುವವರು ಅಳೆಯುವುದು ಬಹುಪಾಲು ಕಂಪನಿ ಬರೆದುಕೊಟ್ಟ ವರದಿಯನ್ನು. ಗೇಟಿನ ಸೀಲಿಗೂ ಜಿಆರ್‌ಎನ್‌ಗೂ ನಡುವಿನ ಹನ್ನೆರಡು ದಿನ ಆ ವರದಿಯಲ್ಲಿರುವುದಿಲ್ಲ.

ಹೊರಗಿನವರಿಗೆ ಸಿಗುವ ಸುಳಿವುಗಳಿವೆ. ವಾರ್ಷಿಕ ವರದಿಯಲ್ಲಿ ‘ಟ್ರೇಡ್ ಪೇಯಬಲ್ಸ್’ ಟಿಪ್ಪಣಿ ತೆರೆಯಿರಿ. ಕಿರು-ಸಣ್ಣ ಉದ್ಯಮಗಳಿಗೆ ಇರುವ ಬಾಕಿ ಪ್ರತ್ಯೇಕವಾಗಿರುತ್ತದೆ. ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು ಎಂದು ವಯಸ್ಸಿನ ಪಟ್ಟಿಯೂ ಇರುತ್ತದೆ. ನೂರಾರು ಕೋಟಿಯ ಖರೀದಿ ಮಾಡುವ ತಯಾರಿಕಾ ಕಂಪನಿ ಸಣ್ಣವರ ಬಾಕಿ ‘ಸೊನ್ನೆ’ ಎಂದಿದ್ದರೆ ಖುಷಿಪಡಬೇಡಿ, ಉದ್ಯಮ್ ನಂಬರನ್ನೇ ಕೇಳಿಲ್ಲದಿರಬಹುದು. ನಗದು ಬಗ್ಗೆ ಅನುಮಾನವಿದ್ದರೆ ವರ್ಷದ ಬಡ್ಡಿ ಆದಾಯವನ್ನು ಸರಾಸರಿ ಠೇವಣಿಯಿಂದ ಭಾಗಿಸಿ. ಬ್ಯಾಂಕ್ ಶೇ 7 ಕೊಡುವಾಗ ಶೇ 2 ಬಂದರೆ ಆ ಠೇವಣಿ ವರ್ಷವಿಡೀ ಅಲ್ಲಿರಲಿಲ್ಲ, ಅಥವಾ ಇರಲೇ ಇಲ್ಲ. ಕೈತುಂಬ ನಗದಿದ್ದೂ ಶೇ 11ಕ್ಕೆ ಸಾಲ ತರುವ ಕಂಪನಿಗೂ ಇದೇ ಪ್ರಶ್ನೆ ಕೇಳಿ.

ಪೇಮೆಂಟ್ ದಿನ ತಿಳಿಯಲು ಬಾಕಿಯನ್ನು ವರ್ಷದ ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಿ. ಮಾರ್ಚ್ 31ರ ಅಂಕಿ ಒಂದನ್ನೇ ಹಿಡಿಯಬೇಡಿ. 43ಬಿ(ಎಚ್) ಬಂದ ಮೇಲೆ ಮಾರ್ಚ್ ಕೊನೆಯ ವಾರ ಎಲ್ಲರೂ ಧರ್ಮರಾಯರೇ. ಲಿಸ್ಟೆಡ್ ಕಂಪನಿಗಳು ಸೆಪ್ಟೆಂಬರ್ ಫಲಿತಾಂಶದ ಜತೆಗೂ ಬ್ಯಾಲೆನ್ಸ್ ಶೀಟ್ ಕೊಡುತ್ತವೆ, ಆ ಬಾಕಿಯನ್ನು ಹಿಂದಿನ ಆರು ತಿಂಗಳ ಖರೀದಿಯಿಂದ ಭಾಗಿಸಿ 183ರಿಂದ ಗುಣಿಸಿ ಪಕ್ಕದಲ್ಲಿಡಿ. ಮಾರ್ಚಿಗೆ 48 ದಿನ, ಸೆಪ್ಟೆಂಬರಿಗೆ 110 ದಿನ ಬಂದರೆ ಆ ಕಂಪನಿಯ ಅಕೌಂಟ್ಸ್ ಬಾಗಿಲ ಮೇಲೆ ಏನು ಬರೆದಿದೆ ಎಂದು ನೋಡಲು ಪೀಣ್ಯದವರೆಗೆ ಹೋಗಬೇಕಿಲ್ಲ.